ಬದಲಿಸಿದ ಮೊಣಕಾಲಿಗೆ ಸೋಂಕು: ಮಾತ್ರೆಗೆ ಮೊದಲು ಪರೀಕ್ಷೆ

ಸವೆದ ಮೊಣಕಾಲಿನ ಕೀಲು ಬದಲಿಸಿಕೊಂಡ ನೂರು ಮಂದಿಯಲ್ಲಿ ತೊಂಬತ್ತೆಂಟು ಜನರಿಗೆ ಸೋಂಕಿನ ಕಾಟ ಬರುವುದಿಲ್ಲ. ಉಳಿದ ಒಬ್ಬಿಬ್ಬರ ಪಾಡು ಬೇರೆ. ನೋವು ಕಳೆಯಲೆಂದು ಹಾಕಿಸಿಕೊಂಡ ಲೋಹದ ಕೀಲಿನ ಮೇಲೆ ಬ್ಯಾಕ್ಟೀರಿಯಾ ನೆಲೆಯೂರಿದರೆ ತಿಂಗಳುಗಟ್ಟಲೆ ಔಷಧ, ಎರಡನೇ ಆಪರೇಷನ್, ಕೆಲವರಿಗೆ ಮೂರನೆಯದು. ಮನೆಯ ಉಳಿತಾಯವೆಲ್ಲ ಆಸ್ಪತ್ರೆಯ ಪಾಲು. ಪ್ರಮಾಣ ಚಿಕ್ಕದು ಎಂದು ಸುಮ್ಮನಿರುವಂತಿಲ್ಲ. ಕೀಲು ಬದಲಿಸಿಕೊಳ್ಳುವವರು ಹೆಚ್ಚಿದಷ್ಟೂ ಸೋಂಕಿಗೆ ಸಿಗುವವರೂ ಹೆಚ್ಚುತ್ತಾರೆ. ಇವರಲ್ಲಿ ಎಷ್ಟೋ ಮಂದಿಯ ಕೀಲು ಉಳಿಯುವುದೂ ಕೆಡುವುದೂ ಕಾಲು ಬಾತ ಮೊದಲ ಎರಡು ಮೂರು ವಾರಗಳಲ್ಲಿ ಏನು ಮಾಡಿದರು ಎಂಬುದರ ಮೇಲೆ ನಿಂತಿರುತ್ತದೆ.

ಜಹೀರಾಬಾದ್, ನಾರಾಯಣಖೇಡ, ತಾಂಡೂರು ಭಾಗದ ಓದುಗರಿಗೆ ಈ ಮಾತನ್ನು ಒತ್ತಿ ಹೇಳಬೇಕಾಗಿದೆ. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಹಂಚಿಹೋದಾಗ ಬೀದರ್ ಜಿಲ್ಲೆಯಲ್ಲಿದ್ದ ನಾರಾಯಣಖೇಡ ಮತ್ತು ಜಹೀರಾಬಾದ್ ತಾಲ್ಲೂಕಿನ ಬಹುಭಾಗ, ಕಲಬುರಗಿ ಜಿಲ್ಲೆಯಲ್ಲಿದ್ದ ತಾಂಡೂರು ಆಂಧ್ರಪ್ರದೇಶಕ್ಕೆ ಸೇರಿದವು. 2014ರಿಂದ ಅವು ತೆಲಂಗಾಣದಲ್ಲಿವೆ. ಗಡಿ ಬದಲಾದರೂ ಅನೇಕ ಮನೆಗಳಲ್ಲಿ ಕನ್ನಡ ಉಳಿದಿದೆ, ಬೀಗತನ ಬೀದರ್, ಔರಾದ, ಚಿಂಚೋಳಿ, ಸೇಡಂ ಕಡೆಗೆ ನಡೆದೇ ಇದೆ. ಆಸ್ಪತ್ರೆಯ ದಾರಿಯೂ ಹಾಗೆಯೇ ಎರಡು ದಿಕ್ಕಿಗೆ ಒಡೆಯುತ್ತದೆ. ಜಹೀರಾಬಾದಿನಿಂದ ಹೆದ್ದಾರಿ ಹಿಡಿದರೆ ಹೈದರಾಬಾದ್ ಸುಮಾರು 100 ಕಿಲೋಮೀಟರು, ಇತ್ತ ಬೀದರ್ ಮೂವತ್ತರ ಆಸುಪಾಸು. ತಾಂಡೂರಿನವರು ರೈಲು ಹತ್ತಿ ಹೈದರಾಬಾದಿಗೂ ಹೋಗುತ್ತಾರೆ, ವಾಡಿಯ ಮೇಲೆ ಕಲಬುರಗಿಗೂ ಹೋಗುತ್ತಾರೆ. ಹೀಗಾಗಿ ಆಪರೇಷನ್ ಒಂದು ಊರಲ್ಲಿ, ಹೊಲಿಗೆ ಬಿಚ್ಚಿಸುವುದು ಇನ್ನೊಂದು ಊರಲ್ಲಿ, ಬಾವು ಬಂದಾಗ ಮಾತ್ರೆ ಹಳ್ಳಿಯಲ್ಲೇ. ಈ ತುಂಡು ತುಂಡು ಚಿಕಿತ್ಸೆಯೇ ಸೋಂಕಿಗೆ ದೊಡ್ಡ ಅನುಕೂಲ.

ಈ ಸೀಮೆಯ ಕೆಲಸವೂ ಮೊಣಕಾಲನ್ನು ಬೇಗ ಸವೆಸುವಂಥದ್ದು. ತೊಗರಿ ಹೊಲದಲ್ಲಿ ಕುಕ್ಕರಗಾಲಲ್ಲಿ ಕೂತು ಕಳೆ ತೆಗೆಯುವುದು, ಶುಂಠಿ, ಆಲೂಗಡ್ಡೆ ಕೀಳುವುದು, ಕಬ್ಬಿನ ಹೊರೆ ಹೊರುವುದು, ತಾಂಡೂರಿನ ಕಲ್ಲಿನ ಗಣಿಗಳಲ್ಲಿ ಮಂಡಿಯೂರಿ ಬಂಡೆ ಎಬ್ಬಿಸುವುದು. ವರ್ಷಗಟ್ಟಲೆ ಮಂಡಿ ಮಡಚಿ, ಭಾರ ಹೊತ್ತು ದುಡಿದವರಲ್ಲಿ ಕೀಲು ಸವೆತ ಹೆಚ್ಚು. 2017ರ ಆಗಸ್ಟಿನಲ್ಲಿ ಕೇಂದ್ರದ ಔಷಧ ಬೆಲೆ ಪ್ರಾಧಿಕಾರ ಕೃತಕ ಮೊಣಕಾಲಿನ ಬೆಲೆಗೆ ಮಿತಿ ಹಾಕಿತು. ಹೆಚ್ಚು ಬಳಕೆಯಲ್ಲಿರುವ ಕೋಬಾಲ್ಟ್-ಕ್ರೋಮಿಯಂ ಕೀಲಿಗೆ ಆಗ ನಿಗದಿಯಾದದ್ದು ತೆರಿಗೆ ಬಿಟ್ಟು 54,720 ರೂಪಾಯಿ. ಮೊದಲು ಅದಕ್ಕೆ ಒಂದೂವರೆ ಲಕ್ಷಕ್ಕೂ ಮೇಲೆ ತೆರಬೇಕಿತ್ತು. ಹಾಸಿಗೆ ಹಿಡಿಯುತ್ತಿದ್ದ ಎಷ್ಟೋ ಹಿರಿಯರು ಎದ್ದು ಓಡಾಡುವಂತಾದದ್ದು ಈ ಆಪರೇಷನ್ನಿಂದ. ಆದ್ದರಿಂದ ಸೋಂಕಿನ ಮಾತು ಕೇಳಿ ಯಾರೂ ಆಪರೇಷನ್ನಿಗೇ ಹೆದರಬೇಕಾಗಿಲ್ಲ. ಸೋಂಕು ಬಂದರೆ ಏನು ಮಾಡಬೇಕು, ಏನು ಮಾಡಬಾರದು ಎಂಬ ತಿಳಿವಳಿಕೆ ಮನೆಯಲ್ಲಿ ಇರಬೇಕು, ಅಷ್ಟೇ.

ಲೋಹದ ಮೇಲೆ ಲೋಳೆಯ ಪದರ

ಕೈಗೆ ಮುಳ್ಳು ಚುಚ್ಚಿ ಕೀವಾದರೆ ನಾಲ್ಕು ದಿನದ ಮಾತ್ರೆಯಲ್ಲಿ ವಾಸಿಯಾಗುತ್ತದೆ. ಅದೇ ಬ್ಯಾಕ್ಟೀರಿಯಾ ಕೃತಕ ಕೀಲಿಗೆ ಅಂಟಿಕೊಂಡರೆ ನಾಲ್ಕು ತಿಂಗಳ ಮಾತ್ರೆಗೂ ಜಗ್ಗದೇ ಇರಬಹುದು. ಕಾರಣ ಸರಳ. ಲೋಹ, ಪ್ಲಾಸ್ಟಿಕ್, ಮೂಳೆ ಸಿಮೆಂಟಿನಲ್ಲಿ ರಕ್ತ ಹರಿಯುವುದಿಲ್ಲ. ರಕ್ತ ಹೋಗದ ಕಡೆ ದೇಹದ ಕಾವಲು ಕಣಗಳೂ ಸರಿಯಾಗಿ ಹೋಗುವುದಿಲ್ಲ, ಔಷಧವೂ ಸಾಕಷ್ಟು ತಲುಪುವುದಿಲ್ಲ. 1957ರಲ್ಲಿ ಎಲೆಕ್ ಮತ್ತು ಕೋನೆನ್ ಎಂಬ ವಿಜ್ಞಾನಿಗಳು ಸ್ವಯಂಸೇವಕರ ಚರ್ಮದ ಮೇಲೆ ಪ್ರಯೋಗ ಮಾಡಿ ಇದನ್ನು ತೋರಿಸಿದರು. ಆರೋಗ್ಯವಂತ ಚರ್ಮದಲ್ಲಿ ಕೀವಾಗಲು ಲಕ್ಷಾಂತರ ಸ್ಟೆಫೈಲೊಕಾಕಸ್ ಬ್ಯಾಕ್ಟೀರಿಯಾ ಬೇಕಾದವು. ಅಲ್ಲೇ ಒಂದು ರೇಷ್ಮೆ ಹೊಲಿಗೆ ದಾರವಿದ್ದಾಗ ಕೆಲವು ನೂರು ಬ್ಯಾಕ್ಟೀರಿಯಾಗಳೇ ಸಾಕಾದವು. ಒಂದು ಎಳೆ ದಾರ ಇಷ್ಟು ಮಾಡಿದರೆ ಇಡೀ ಮೊಣಕಾಲಿನ ಲೋಹ ಏನು ಮಾಡೀತು, ಊಹಿಸಿ.

ಅಂಟಿಕೊಂಡ ಬ್ಯಾಕ್ಟೀರಿಯಾ ಸುಮ್ಮನೆ ಕೂರುವುದಿಲ್ಲ. ತನ್ನ ಸುತ್ತ ಅಂಟಾದ ಲೋಳೆ ಒಸರಿಸಿ ಪದರ ಕಟ್ಟಿಕೊಳ್ಳುತ್ತದೆ. ಇದಕ್ಕೆ ವೈದ್ಯರು ಬಯೋಫಿಲ್ಮ್ ಎನ್ನುತ್ತಾರೆ. ಬೆಳಿಗ್ಗೆ ಎದ್ದಾಗ ಹಲ್ಲಿನ ಮೇಲೆ ನಾಲಗೆಗೆ ತಗಲುವ ಜಿಗುಟು ಕೂಡ ಬಯೋಫಿಲ್ಮೇ. ಬಾಯಿ ಮುಕ್ಕಳಿಸಿದರೆ ಅದು ಹೋಗುವುದಿಲ್ಲ, ಬ್ರಷ್ಷಿನಿಂದ ಉಜ್ಜಲೇಬೇಕು. ಕೀಲಿನ ಮೇಲಿನ ಪದರದ್ದೂ ಇದೇ ಗುಣ. ಅದರೊಳಗಿನ ಕೆಲವು ಬ್ಯಾಕ್ಟೀರಿಯಾಗಳು ಬೆಳೆಯುವುದನ್ನೇ ನಿಲ್ಲಿಸಿ ನಿದ್ದೆಗೆ ಜಾರುತ್ತವೆ. ಬಹಳಷ್ಟು ಆಂಟಿಬಯಾಟಿಕ್‌ಗಳು ಬೆಳೆಯುತ್ತಿರುವ ಬ್ಯಾಕ್ಟೀರಿಯಾವನ್ನು ಮಾತ್ರ ಚೆನ್ನಾಗಿ ಕೊಲ್ಲುತ್ತವೆ. ಮಲಗಿದ್ದವು ಬದುಕಿ ಉಳಿದು, ಮಾತ್ರೆ ನಿಂತ ಮೇಲೆ ಮತ್ತೆ ಏಳುತ್ತವೆ. ಮಾತ್ರೆ ತಿಂದಾಗ ಬಾವು ಇಳಿಯುವುದು, ನಿಲ್ಲಿಸಿದಾಗ ಮತ್ತೆ ಬರುವುದು ಈ ಕಾರಣಕ್ಕೆ.

ಪದರ ಹೊಸದಾಗಿದ್ದಾಗ ಕೆರೆದು ತೊಳೆದು ತೆಗೆಯಬಹುದು. ವಾರಗಳು ಉರುಳಿದಂತೆ ಅದು ಬಲಿತು ಗಟ್ಟಿಯಾಗುತ್ತದೆ, ಆಮೇಲೆ ಕೀಲನ್ನೇ ಕಿತ್ತು ತೆಗೆಯಬೇಕಾಗುತ್ತದೆ. ಈ ಕಾಯಿಲೆಯಲ್ಲಿ ದಿನಗಳಿಗೆ ಇಷ್ಟು ಬೆಲೆ ಇರುವುದು ಅದಕ್ಕೇ.

ಸೂಚನೆ ಏನು, ಮೊದಲ ತಪ್ಪು ಯಾವುದು

ಆಪರೇಷನ್ ಆದ ಕೆಲವೇ ವಾರಗಳಲ್ಲಿ ಬರುವ ಸೋಂಕು ಎದ್ದು ಕಾಣುತ್ತದೆ. ಗಾಯ ಕೆಂಪಾಗುತ್ತದೆ, ಬಿಸಿ ಏರುತ್ತದೆ, ಹೊಲಿಗೆಯಿಂದ ನೀರೋ ಕೀವೋ ಜಿನುಗುತ್ತದೆ, ಕೆಲವರಿಗೆ ಜ್ವರ ಬರುತ್ತದೆ. ತಿಂಗಳುಗಳ ನಂತರ ತಲೆ ಎತ್ತುವ ಸೋಂಕು ಮಾತ್ರ ಗುಟ್ಟಾಗಿ ಬರುತ್ತದೆ. ಜ್ವರವಿಲ್ಲ, ಕೀವಿಲ್ಲ, ಒಂದಿಷ್ಟು ಬಾವು, ಬಿಡದ ನೋವು, ಮಡಚಲು ಬಿಗಿತ. ಆಪರೇಷನ್ ಆಗಿ ಚೆನ್ನಾಗಿ ನಡೆದಾಡುತ್ತಿದ್ದವರಿಗೆ ಕಾರಣವಿಲ್ಲದೆ ಮತ್ತೆ ನೋವು ಶುರುವಾದರೆ ಮೊದಲು ಅನುಮಾನಿಸಬೇಕಾದದ್ದು ಸೋಂಕನ್ನೇ. ಇನ್ನು ಕೆಲವರಿಗೆ ವರ್ಷಗಳಾದ ಮೇಲೆ ಕಾಲಿನ ಹುಣ್ಣು, ಹಲ್ಲಿನ ಕೀವು, ಮೂತ್ರದ ಸೋಂಕಿನಿಂದ ಬ್ಯಾಕ್ಟೀರಿಯಾ ರಕ್ತದ ಮೂಲಕ ಬಂದು ಕೀಲಿಗೆ ಸೇರುತ್ತದೆ. ಅವರಿಗೆ ನಿನ್ನೆ ಸರಿಯಿದ್ದ ಮೊಣಕಾಲು ಇವತ್ತು ಏಕಾಏಕಿ ಬಾತು ನೆಲಕ್ಕೆ ಊರಲಾಗದಂತಾಗುತ್ತದೆ.

ಇಂಥ ಹೊತ್ತಿನಲ್ಲಿ ನಮ್ಮ ಹಳ್ಳಿಗಳಲ್ಲಿ ಏನಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಮನೆ ಹತ್ತಿರದ ಆರ್‌ಎಂಪಿ ಡಾಕ್ಟರನ್ನು ಕರೆಯುತ್ತಾರೆ. 'ಸಾಬ್, ಒಂದ್ ಸೂಜಿ ಮಾಡ್ರಿ, ಬಾವು ಇಳೀತದ' ಎನ್ನುತ್ತಾರೆ. ಅವರು ಒಂದು ಆಂಟಿಬಯಾಟಿಕ್ ಇಂಜೆಕ್ಷನ್ ಕೊಟ್ಟು ಐದು ದಿನದ ಮಾತ್ರೆ ಬರೆದುಕೊಡುತ್ತಾರೆ. ಬಾವು ಇಳಿಯುತ್ತದೆ, ಮನೆಯವರಿಗೆ ನೆಮ್ಮದಿ. ಹದಿನೈದು ದಿನಕ್ಕೆ ಮತ್ತೆ ಬರುತ್ತದೆ. ಮತ್ತೆ ಸೂಜಿ, ಈ ಸಲ ಇನ್ನೂ ಜೋರಿನ ಔಷಧ. ಮಧ್ಯರಾತ್ರಿ ಕರೆದರೂ ಬರುವ ಆ ಮನುಷ್ಯನ ಮೇಲೆ ನನಗೆ ಸಿಟ್ಟಿಲ್ಲ; ಹಳ್ಳಿಯಲ್ಲಿ ಬೇರೆ ಯಾರಿದ್ದಾರೆ? ಆದರೆ ಬದಲಿಸಿದ ಮೊಣಕಾಲಿನ ವಿಷಯದಲ್ಲಿ ಈ ಸಹಾಯ ಎರಡು ರೀತಿಯಲ್ಲಿ ಕೆಡುಕು ಮಾಡುತ್ತದೆ. ಒಂದು, ಪದರ ಬಲಿಯಲು ಸಮಯ ಸಿಗುತ್ತದೆ. ಎರಡು, ಅರೆಬರೆ ಔಷಧದಿಂದ ಬ್ಯಾಕ್ಟೀರಿಯಾ ಸಾಯದೆ ಅಡಗುತ್ತದೆ, ಮುಂದೆ ದೊಡ್ಡಾಸ್ಪತ್ರೆಯಲ್ಲಿ ಪರೀಕ್ಷೆ ಮಾಡಿದಾಗ ಲ್ಯಾಬಿನಲ್ಲಿ ಬೆಳೆಯುವುದೇ ಇಲ್ಲ. ಯಾವ ಬ್ಯಾಕ್ಟೀರಿಯಾ ಎಂದು ತಿಳಿಯದೆ ಕೊಡುವ ಔಷಧ ಕತ್ತಲಲ್ಲಿ ಹೊಡೆದ ಕಲ್ಲು.

ಸಿರಿಂಜಿನಲ್ಲಿ ಸಿಗುವ ಉತ್ತರ

ಸರಿಯಾದ ಮೊದಲ ಹೆಜ್ಜೆ ಏನು? ರಕ್ತದಲ್ಲಿ ಉರಿಯೂತದ ಮಟ್ಟ ತೋರಿಸುವ ಇಎಸ್‌ಆರ್, ಸಿಆರ್‌ಪಿ ಪರೀಕ್ಷೆ. ಇವು ಏರಿದ್ದರೆ, ಇಲ್ಲವೇ ಲಕ್ಷಣ ಬಲವಾಗಿದ್ದರೆ, ಕೀಲಿನ ನೀರು ತೆಗೆಯಬೇಕು. ಮೂಳೆ ವೈದ್ಯರು ಮೊಣಕಾಲಿನ ಚರ್ಮವನ್ನು ಔಷಧದಿಂದ ಒರೆಸಿ, ಒಣಗಲು ಬಿಟ್ಟು, ಚಿಪ್ಪಿನ ಪಕ್ಕದಿಂದ ದಪ್ಪ ಸೂಜಿ ಒಳಕ್ಕೆ ಇಳಿಸುತ್ತಾರೆ. ಆರೋಗ್ಯವಂತ ಕೀಲಿನ ನೀರು ತಿಳಿ ಹಳದಿ, ಆಚೆ ಬದಿಯ ಅಕ್ಷರ ಕಾಣುವಷ್ಟು ಸ್ವಚ್ಛ, ಬೆರಳಿಗೆ ಎಳೆ ಬರುವಷ್ಟು ಅಂಟು. ಸೋಂಕಿದ್ದರೆ ಅದು ಕದಡಿ, ತೆಳ್ಳಗಾಗಿ, ಕೆಲವೊಮ್ಮೆ ನೇರವಾಗಿ ಕೀವಾಗಿಯೇ ಬರುತ್ತದೆ. ಅದರಲ್ಲಿ ಒಂದು ಪಾಲು ಬಿಳಿ ರಕ್ತಕಣ ಎಣಿಸಲು ಹೋಗುತ್ತದೆ. ಆಪರೇಷನ್ ಆಗಿ ತಿಂಗಳುಗಳಾದವರಲ್ಲಿ ಒಂದು ಮೈಕ್ರೋಲೀಟರಿಗೆ ಮೂರು ಸಾವಿರಕ್ಕಿಂತ ಹೆಚ್ಚು ಬಿಳಿ ಕಣಗಳಿದ್ದು, ಅವುಗಳಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ನ್ಯೂಟ್ರೋಫಿಲ್ ಎಂಬ ಬಗೆಯವಾಗಿದ್ದರೆ ಸೋಂಕಿನ ಅನುಮಾನ ಗಟ್ಟಿಯಾಗುತ್ತದೆ. ಇನ್ನೊಂದು ಪಾಲು ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಕಲ್ಚರ್ ಬಾಟಲಿಗೆ. ನಿಧಾನವಾಗಿ ಬೆಳೆಯುವ ಬ್ಯಾಕ್ಟೀರಿಯಾಗಳೂ ಇರುವುದರಿಂದ ಅದನ್ನು ಎರಡು ವಾರ ಇಟ್ಟು ನೋಡಬೇಕು. ಮೂರು ದಿನಕ್ಕೆ 'ಏನೂ ಬೆಳೆದಿಲ್ಲ' ಎಂದು ಬಂದ ವರದಿಯನ್ನು ಕೊನೆಯ ಮಾತು ಎಂದು ನಂಬಬಾರದು.

ಈ ಪರೀಕ್ಷೆಗೆ ಮುನ್ನ ಸುಮಾರು ಎರಡು ವಾರ ಆಂಟಿಬಯಾಟಿಕ್ ತೆಗೆದುಕೊಂಡಿರಬಾರದು ಎಂಬುದು ವೈದ್ಯರ ಅಪೇಕ್ಷೆ. ಆಗಲೇ ಶುರು ಮಾಡಿದ್ದರೆ ಮುಚ್ಚಿಡದೆ ಹೇಳಿ, ಖಾಲಿ ಸ್ಟ್ರಿಪ್ ತೋರಿಸಿ. ನಿಲ್ಲಿಸುವುದೋ ಬೇಡವೋ ಎಂಬುದನ್ನು ಅವರಿಗೇ ಬಿಡಿ. ಒಂದು ವಿನಾಯಿತಿ ಇದೆ: ಮೈ ನಡುಗುವ ಚಳಿ ಜ್ವರ, ಉಸಿರು ಏರುವುದು, ಮಾತು ತಡವರಿಸುವುದು ಕಂಡರೆ ಸೋಂಕು ರಕ್ತಕ್ಕೆ ಏರಿರಬಹುದು. ಆಗ ಕಾಯದೆ ತುರ್ತು ವಿಭಾಗಕ್ಕೆ ಕರೆದೊಯ್ಯಬೇಕು, ಅಲ್ಲಿ ಮಾದರಿ ತೆಗೆದ ಕೂಡಲೇ ಔಷಧ ಶುರುವಾಗುತ್ತದೆ. ದನ ಸಾಕುವವರು, ಹಸಿ ಹಾಲು ಕುಡಿಯುವವರು ಅದನ್ನೂ ಹೇಳಬೇಕು, ಏಕೆಂದರೆ ಜಾನುವಾರುಗಳಿಂದ ಬರುವ ಬ್ರುಸೆಲ್ಲಾ ಅಪರೂಪಕ್ಕೆ ಕೃತಕ ಕೀಲಿಗೂ ಸೇರುತ್ತದೆ. ಕ್ಷಯದ ಇತಿಹಾಸವಿದ್ದರೆ ಅದನ್ನೂ ತಿಳಿಸಿ. ಇಂಥವನ್ನು ಹುಡುಕಲು ಬೇರೆ ಪರೀಕ್ಷೆಯೇ ಬೇಕಾಗುತ್ತದೆ.

ಚಿಕಿತ್ಸೆಯ ಮೂರು ದಾರಿ

ಸೋಂಕು ಹೊಸದು, ಕೀಲು ಸಡಿಲವಾಗಿಲ್ಲ, ಲಕ್ಷಣ ಶುರುವಾಗಿ ಮೂರು ವಾರ ದಾಟಿಲ್ಲ ಎಂದಾದರೆ ಕೀಲನ್ನು ಉಳಿಸಿಕೊಳ್ಳುವ ಅವಕಾಶವಿದೆ. ಮೊಣಕಾಲು ತೆರೆದು, ಕೊಳೆತ ಅಂಗಾಂಶ ಕೆರೆದು ತೆಗೆದು, ಲೀಟರುಗಟ್ಟಲೆ ಸಲೈನಿನಲ್ಲಿ ತೊಳೆದು, ಎರಡು ಲೋಹಗಳ ನಡುವಿನ ಪ್ಲಾಸ್ಟಿಕ್ ತಟ್ಟೆಯನ್ನು ಬದಲಿಸುತ್ತಾರೆ. ಲೋಹ ಹಾಗೆಯೇ ಉಳಿಯುತ್ತದೆ. ಬೇಗ ಹೋದವರಿಗಷ್ಟೇ ತೆರೆದಿರುವ ದಾರಿ ಇದು.

ತಡವಾದರೆ ಕೀಲನ್ನು ತೆಗೆಯಲೇಬೇಕು. 1970ರ ಹೊತ್ತಿಗೆ ಜರ್ಮನಿಯ ಹ್ಯಾಂಬರ್ಗಿನಲ್ಲಿ ಹಾನ್ಸ್ ವಿಲ್ಹೆಲ್ಮ್ ಬುಖ್‌ಹೋಲ್ಟ್ಸ್ ಎಂಬ ಸರ್ಜನ್ ಮೂಳೆ ಸಿಮೆಂಟಿಗೆ ಜೆಂಟಾಮೈಸಿನ್ ಬೆರೆಸಿ, ಔಷಧ ಕೀಲಿನ ಜಾಗದಲ್ಲೇ ಒಸರುವಂತೆ ಮಾಡಿದರು. ಹಳೆಯ ಕೀಲು ತೆಗೆದು ಅದೇ ಆಪರೇಷನ್ನಿನಲ್ಲಿ ಹೊಸದನ್ನು ಹಾಕುವ ಒಂದು ಹಂತದ ಪದ್ಧತಿ ಅಲ್ಲಿಂದ ಬೆಳೆಯಿತು. ನ್ಯೂಯಾರ್ಕಿನ ಜಾನ್ ಇನ್ಸಾಲ್ ಮತ್ತು ಜೊತೆಗಾರರು 1983ರಲ್ಲಿ ಎರಡು ಹಂತದ ದಾರಿಯನ್ನು ಪ್ರಕಟಿಸಿದರು: ಮೊದಲು ಕೀಲು ತೆಗೆದು ಆರು ವಾರ ಆಂಟಿಬಯಾಟಿಕ್, ಸೋಂಕು ಹೋದ ಮೇಲೆ ಹೊಸ ಕೀಲು. ಈಗ ಈ ನಡುವಿನ ಅವಧಿಯಲ್ಲಿ ಖಾಲಿ ಜಾಗಕ್ಕೆ ಆಂಟಿಬಯಾಟಿಕ್ ಬೆರೆಸಿದ ಸಿಮೆಂಟಿನ ಅಚ್ಚು ಇಡುತ್ತಾರೆ, ಅದಕ್ಕೆ ಸ್ಪೇಸರ್ ಎನ್ನುತ್ತಾರೆ. ಅದು ಮೂಳೆಗಳು ಒಂದಕ್ಕೊಂದು ಅಂಟದಂತೆ ತಡೆಯುತ್ತದೆ, ಔಷಧವನ್ನೂ ಒಸರುತ್ತದೆ. ಎರಡೂ ಹಂತ ಮುಗಿಸಿದವರಲ್ಲಿ ಹತ್ತಕ್ಕೆ ಎಂಟು ಮಂದಿಯ ಆಸುಪಾಸಿನಲ್ಲಿ ಸೋಂಕು ಹತೋಟಿಗೆ ಬರುತ್ತದೆ. ಆದರೆ ಎರಡು ಹಂತಗಳ ನಡುವಿನ ಎರಡು ಮೂರು ತಿಂಗಳು ವಾಕರ್ ಹಿಡಿದು ನಡೆಯುವ ತಾಯಿಗೆ ಸ್ನಾನಕ್ಕೂ ಶೌಚಕ್ಕೂ ಒಬ್ಬರ ಆಸರೆ ಬೇಕು. ಕೂಲಿ ಮನೆಯಲ್ಲಿ ಒಬ್ಬರು ದುಡಿಮೆ ಬಿಟ್ಟು ಕೂರಬೇಕು. ಈ ಖರ್ಚು ಯಾವ ಬಿಲ್ಲಿನಲ್ಲೂ ಕಾಣುವುದಿಲ್ಲ.

ಮೂರನೆಯ ದಾರಿ, ಇನ್ನೊಂದು ಆಪರೇಷನ್ ತಡೆಯಲಾರದ ಹಿರಿಯರಿಗೆ. ಸೋಂಕನ್ನು ಬೇರುಸಹಿತ ಕೀಳದೆ, ದೀರ್ಘಕಾಲ ಮಾತ್ರೆಯಿಂದ ಅದುಮಿಡುವುದು. ಇವು ಯಾವುವೂ ಆಗದಿದ್ದಾಗ ಮೊಣಕಾಲಿನ ಮೂಳೆಗಳನ್ನು ಒಂದಾಗಿ ಬೆಸೆಯುವುದು, ತೀರಾ ಕೈಮೀರಿದಾಗ ತೊಡೆಯ ಮಟ್ಟದಲ್ಲಿ ಕಾಲು ತೆಗೆಯುವುದು ಉಳಿಯುತ್ತದೆ. ಅಲ್ಲಿಗೆ ಹೋಗದಿರಲೆಂದೇ ಇಷ್ಟೆಲ್ಲ ಹೇಳುವುದು.

ಔಷಧದ ವಿಷಯದಲ್ಲಿ ನಮಗೆಲ್ಲ ಪರಿಚಿತವಾದ ಒಂದು ಹೆಸರಿದೆ, ರಿಫಾಂಪಿಸಿನ್. ಮೂತ್ರವನ್ನು ಕಿತ್ತಳೆ ಬಣ್ಣಕ್ಕೆ ತಿರುಗಿಸುವ ಕ್ಷಯದ ಮಾತ್ರೆ. ಅದು ಬಯೋಫಿಲ್ಮಿನೊಳಗಿನ ಸ್ಟೆಫೈಲೊಕಾಕಸನ್ನೂ ಮುಟ್ಟುತ್ತದೆ. 1998ರಲ್ಲಿ ಸ್ವಿಟ್ಜರ್ಲೆಂಡಿನ ವೆರ್ನರ್ ಝಿಮ್ಮರ್ಲಿ ತಂಡದ ಪರೀಕ್ಷೆಯಲ್ಲಿ, ಲೋಹ ಉಳಿಸಿಕೊಂಡೇ ರಿಫಾಂಪಿಸಿನ್ ಸೇರಿಸಿ ಚಿಕಿತ್ಸೆ ಪೂರೈಸಿದ 12 ಮಂದಿಯೂ ಗುಣವಾದರು. ಅದಿಲ್ಲದೆ ಚಿಕಿತ್ಸೆ ಪಡೆದ 12ರಲ್ಲಿ 7 ಮಂದಿ ಮಾತ್ರ. ಆದರೆ ಒಂಟಿಯಾಗಿ ಕೊಟ್ಟರೆ ಬ್ಯಾಕ್ಟೀರಿಯಾ ಬೇಗ ಅದಕ್ಕೆ ಒಗ್ಗಿಹೋಗುತ್ತದೆ. ಸಕ್ಕರೆ ಕಾಯಿಲೆಯ ಮಾತ್ರೆ, ರಕ್ತ ತೆಳುಮಾಡುವ ಮಾತ್ರೆಗಳ ಶಕ್ತಿಯನ್ನೂ ಅದು ಕುಗ್ಗಿಸುತ್ತದೆ. ವೈದ್ಯರು ಬರೆಯದೆ ಮುಟ್ಟುವ ಔಷಧ ಅದಲ್ಲ.

ಎಷ್ಟು ದಿನ ತೆಗೆದುಕೊಳ್ಳಬೇಕು ಎಂಬುದಕ್ಕೂ ಈಗ ಒಳ್ಳೆಯ ಉತ್ತರವಿದೆ. ಫ್ರಾನ್ಸಿನ ಆಸ್ಪತ್ರೆಗಳಲ್ಲಿ ನಾನೂರಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆರು ವಾರ ಔಷಧ ಪಡೆದವರಲ್ಲಿ ಶೇ 18.1ರಷ್ಟು ಜನರಿಗೆ ಸೋಂಕು ಉಳಿಯಿತು, ಹನ್ನೆರಡು ವಾರ ಪಡೆದವರಲ್ಲಿ ಶೇ 9.4. 'ಆರಾಮ ಆಗ್ಯದ' ಎಂದು ನಡುವೆ ನಿಲ್ಲಿಸುವವರು ಈ ಎರಡು ಅಂಕಿಗಳನ್ನು ನೆನಪಿಡಬೇಕು. ಇನ್ನೊಂದು ಸಮಾಧಾನದ ಸಂಗತಿ: ಬ್ರಿಟನ್ನಿನಲ್ಲಿ 1,054 ರೋಗಿಗಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನ, ಮೂಳೆ ಮತ್ತು ಕೀಲಿನ ಸೋಂಕಿನಲ್ಲಿ ಮೊದಲ ಆರು ವಾರ ಸರಿಯಾಗಿ ಆರಿಸಿದ ಮಾತ್ರೆ ಕೊಟ್ಟರೂ ರಕ್ತನಾಳದ ಇಂಜೆಕ್ಷನ್ನಿಗಿಂತ ಕಡಿಮೆಯಿಲ್ಲ ಎಂದು ತೋರಿಸಿತು. ಬ್ಯಾಕ್ಟೀರಿಯಾ ಯಾವುದೆಂದು ಗೊತ್ತಿದ್ದರೆ, ದೂರದ ಊರಿನವರು ವಾರಗಟ್ಟಲೆ ಆಸ್ಪತ್ರೆಯಲ್ಲಿ ಮಲಗದೆ ಮನೆಯಲ್ಲೇ ಔಷಧ ಮುಂದುವರಿಸುವ ಅವಕಾಶ ಇದರಿಂದ ಸಿಗುತ್ತದೆ. ಇಲ್ಲೂ ಬೀಗದ ಕೈ ಆ ಮೊದಲ ಪರೀಕ್ಷೆಯೇ.

ಬ್ಯಾಕ್ಟೀರಿಯಾ ತಿನ್ನುವ ವೈರಸ್

ಎಲ್ಲ ಔಷಧಕ್ಕೂ ಮಣಿಯದ ಬ್ಯಾಕ್ಟೀರಿಯಾಗಳಿಗೆ ವಿಜ್ಞಾನಿಗಳು ಹಳೆಯ ಒಂದು ಅಸ್ತ್ರವನ್ನು ಮತ್ತೆ ಕೈಗೆತ್ತಿಕೊಂಡಿದ್ದಾರೆ. ಬ್ಯಾಕ್ಟೀರಿಯಾವನ್ನು ಹೊಕ್ಕು ಒಡೆಯುವ ವೈರಸ್, ಅಂದರೆ ಫೇಜ್. ಅದರ ಮೊದಲ ಸುಳಿವುಗಳಲ್ಲೊಂದು ಸಿಕ್ಕಿದ್ದು ನಮ್ಮ ದೇಶದಲ್ಲೇ. 1896ರಲ್ಲಿ ಆಗ್ರಾದಲ್ಲಿದ್ದ ಅರ್ನೆಸ್ಟ್ ಹ್ಯಾಂಕಿನ್, ಗಂಗೆ ಯಮುನೆಯರ ನೀರಿನಲ್ಲಿ ಕಾಲರಾ ಬ್ಯಾಕ್ಟೀರಿಯಾವನ್ನು ಕೊಲ್ಲುವ ಏನೋ ಇದೆ, ಕುದಿಸಿದರೆ ಅದು ಹೋಗುತ್ತದೆ ಎಂದು ಬರೆದರು. 1917ರಲ್ಲಿ ಫೆಲಿಕ್ಸ್ ದೆರೆಲ್ ಇಂಥ ವೈರಸ್ಸಿಗೆ ಬ್ಯಾಕ್ಟೀರಿಯೋಫೇಜ್ ಎಂದು ಹೆಸರಿಟ್ಟರು. ಜಾರ್ಜಿಯಾ ದೇಶದ ಟಿಬಿಲಿಸಿಯಲ್ಲಿ 1923ರಲ್ಲಿ ಹುಟ್ಟಿದ ಎಲಿಯಾವಾ ಸಂಸ್ಥೆ ಇಂದಿಗೂ ಈ ಕೆಲಸ ಮಾಡುತ್ತಿದೆ. ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ, ಹಲವು ಆಪರೇಷನ್‌ಗಳಾದರೂ ಕೃತಕ ಮೊಣಕಾಲಿನ ಕ್ಲೆಬ್ಸಿಯೆಲ್ಲಾ ಸೋಂಕು ಹೋಗದ 62 ವರ್ಷದ ಮಧುಮೇಹಿಯೊಬ್ಬರಿಗೆ 40 ಸಲ ಫೇಜ್ ನೀಡಿ ಕಾಲು ಉಳಿಸಿದ ವರದಿ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿದೆ. ಇದು ಆಶೆ ಹುಟ್ಟಿಸುವ ಬೆಳವಣಿಗೆ. ಆದರೆ ನಮ್ಮಲ್ಲಿ ಇನ್ನೂ ಸಾಮಾನ್ಯ ಚಿಕಿತ್ಸೆಯಾಗಿಲ್ಲ. ಪ್ರತಿ ಫೇಜ್ ತನಗೆ ಹೊಂದುವ ಬ್ಯಾಕ್ಟೀರಿಯಾವನ್ನು ಮಾತ್ರ ಕೊಲ್ಲುವುದರಿಂದ ಅದಕ್ಕೂ ಮೊದಲು ಬೇಕಾದದ್ದು ಲ್ಯಾಬಿನ ವರದಿ.

ಬಾರದಂತೆ ಕಾಯುವುದು

ಆಪರೇಷನ್ನಿಗೆ ಮುಂಚೆ ಸಕ್ಕರೆಯನ್ನು ಹತೋಟಿಗೆ ತನ್ನಿ. ಬೀಡಿ, ಸಿಗರೇಟು, ತಂಬಾಕು ಕನಿಷ್ಠ ಒಂದು ತಿಂಗಳು ಮೊದಲೇ ಬಿಡಿ. ಹುಳುಕು ಹಲ್ಲು, ಕಾಲ್ಬೆರಳ ಸಂದಿನ ಹುಣ್ಣು, ಒಡೆದ ಹಿಮ್ಮಡಿಗೆ ಚಿಕಿತ್ಸೆ ಮುಗಿಸಿಕೊಳ್ಳಿ. ನೋವಿಗೆಂದು ಮೊಣಕಾಲಿನೊಳಕ್ಕೆ ಸ್ಟೀರಾಯ್ಡ್ ಇಂಜೆಕ್ಷನ್ ಹಾಕಿಸಿಕೊಂಡಿದ್ದರೆ ಹೇಳಿ, ಅದಾಗಿ ಮೂರು ತಿಂಗಳು ಕಳೆಯುವವರೆಗೆ ಆಪರೇಷನ್ ಮುಂದೂಡುವುದು ಕ್ಷೇಮ. ಕಾಲಿನ ಕೂದಲನ್ನು ಮನೆಯಲ್ಲಿ ಬ್ಲೇಡಿನಿಂದ ತೆಗೆಯಬೇಡಿ, ಕಣ್ಣಿಗೆ ಕಾಣದ ಗೀರುಗಳೇ ಬ್ಯಾಕ್ಟೀರಿಯಾಕ್ಕೆ ಬಾಗಿಲು. ಆಪರೇಷನ್ ಆದ ಮೇಲೆ ಗಾಯಕ್ಕೆ ಅರಿಶಿನ, ಸುಣ್ಣ, ಸೊಪ್ಪಿನ ರಸ ಯಾವುದನ್ನೂ ಹಚ್ಚಬೇಡಿ. ಮುಂದೆ ಹೊಲಕ್ಕೆ ಹೋಗುವಾಗ ಬರಿಗಾಲು ಬೇಡ. ಮುಳ್ಳು ಚುಚ್ಚಿ ಕೀವಾದರೆ ಅಂದೇ ತೋರಿಸಿ.

ಸರಕಾರಗಳಿಂದ ಕೇಳಬೇಕಾದದ್ದೂ ಇದೆ. ಸಂಗಾರೆಡ್ಡಿಯಲ್ಲಿ 2022ರಿಂದ, ವಿಕಾರಾಬಾದಿನಲ್ಲಿ 2023ರಿಂದ ಸರಕಾರಿ ವೈದ್ಯಕೀಯ ಕಾಲೇಜುಗಳಿವೆ. ಬೀದರ್, ಕಲಬುರಗಿಗಳಲ್ಲೂ ಇವೆ. ಕೀಲಿನ ನೀರು ತೆಗೆದು ಹದಿನಾಲ್ಕು ದಿನ ಕಲ್ಚರ್ ಇಡುವ ವ್ಯವಸ್ಥೆ ಈ ನಾಲ್ಕೂ ಕಡೆ ಬಡವರಿಗೆ ಖಾತ್ರಿಯಾಗಿ ಸಿಗಬೇಕು. ಆಶಾ ಕಾರ್ಯಕರ್ತೆಯರಿಗೂ ಆರ್‌ಎಂಪಿಗಳಿಗೂ ಒಂದೇ ಸಾಲಿನ ಪಾಠ ಮುಟ್ಟಬೇಕು: ಬದಲಿಸಿದ ಮೊಣಕಾಲು ಬಾತರೆ ಸೂಜಿ ಬೇಡ, ದೊಡ್ಡಾಸ್ಪತ್ರೆಗೆ ಕಳಿಸಿ. ಆರೋಗ್ಯಶ್ರೀಯಾಗಲಿ ಆಯುಷ್ಮಾನ್ ಆಗಲಿ, ನಿಮ್ಮ ಕಾರ್ಡು ಗಡಿಯಾಚೆಯ ಆಸ್ಪತ್ರೆಯಲ್ಲಿ ಎರಡನೇ ಆಪರೇಷನ್ನಿಗೆ ನಡೆಯುತ್ತದೆಯೇ ಎಂದು ದಾಖಲಾಗುವ ಮೊದಲೇ ಕೇಳಿಕೊಳ್ಳಿ.

ಮನೆಯಲ್ಲಿ ಮೊಣಕಾಲು ಬದಲಿಸಿಕೊಂಡ ಹಿರಿಯರಿದ್ದರೆ ಇವತ್ತೇ ಒಂದು ಕೆಲಸ ಮಾಡಿ. ಡಿಸ್ಚಾರ್ಜ್ ಚೀಟಿ, ಕೀಲಿನ ಕಂಪನಿ ಮತ್ತು ಅಳತೆಯ ಸ್ಟಿಕ್ಕರ್, ಎಕ್ಸ್‌ರೇ, ರಕ್ತದ ವರದಿ, ತೆಗೆದುಕೊಂಡ ಔಷಧಗಳ ಪಟ್ಟಿ ಎಲ್ಲವನ್ನೂ ಒಂದೇ ಫೈಲಿನಲ್ಲಿ ಜೋಡಿಸಿಡಿ. ಕಾಲು ಬಾತ ದಿನ ಆ ಫೈಲು ಹಿಡಿದು, ಯಾವ ಆಂಟಿಬಯಾಟಿಕ್ಕನ್ನೂ ನುಂಗದೆ, ಆಪರೇಷನ್ ಮಾಡಿದ ವೈದ್ಯರ ಬಳಿಗೆ ಅಥವಾ ಹತ್ತಿರದ ವೈದ್ಯಕೀಯ ಕಾಲೇಜಿಗೆ ಹೊರಡಿ. ಆ ಮೊದಲ ವಾರದಲ್ಲಿ ಮಾಡುವ ಪ್ರಯಾಣಕ್ಕಿಂತ ದೊಡ್ಡ ಔಷಧ ಈ ಕಾಯಿಲೆಗೆ ಇಲ್ಲ.